ನೀರು ಪಾಸಾಯಿತು, ಗೋಡು?

ಕೆರೆ ನೀರಿನ ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಬರುವವರು ಸಾಮಾನ್ಯವಾಗಿ ನೀರನ್ನು ಒಂದು ಲೀಟರಿನ ಖಾಲಿ ಬಾಟಲಿಯಲ್ಲಿ ತರುತ್ತಾರೆ. ಲೇಬಲ್ ಅರ್ಧ ಕಿತ್ತಿರುತ್ತದೆ, ಮುಚ್ಚಳ ಸೋರುತ್ತಿರುತ್ತದೆ. ಕೆರೆ ಉಳಿಸುವ ಸಂಘದವರು, ಅಪಾರ್ಟ್‌ಮೆಂಟಿನವರು, ಒಮ್ಮೊಮ್ಮೆ ರೈತರು. “ಮೇಡಂ, ಇದರಲ್ಲಿ ಎಷ್ಟು ವಿಷ ಇದೆ ನೋಡಿ” ಅನ್ನುತ್ತಾರೆ. ನೀರು ಕಪ್ಪಗಿದ್ದು, ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತಿದ್ದರೆ ಉತ್ತರ ಅವರಿಗೆ ಮೊದಲೇ ಗೊತ್ತು. ನಮ್ಮಿಂದ ಬೇಕಾದದ್ದು ಸೀಲು ಮತ್ತು ಸಹಿ. ವಾರದ ಮೇಲೆ ವರದಿ ಕೈಗೆ ಬಂದಾಗ ಸೀಸದ ಎದುರು ‘ಬಿಡಿಎಲ್’ ಎಂದಿರುತ್ತದೆ. ಕ್ಯಾಡ್ಮಿಯಂ ಎದುರೂ ಅದೇ, ನಿಕ್ಕಲ್ ಎದುರೂ ಅದೇ. ಆಗ ನನ್ನನ್ನು ಅವರು ನೋಡುವ ನೋಟ ನನಗೆ ಅಭ್ಯಾಸವಾಗಿದೆ. ಯಾರಿಂದಲೋ ದುಡ್ಡು ತಿಂದಿದ್ದಾಳೆ ಎಂಬ ನೋಟ ಅದು.

ಅವರನ್ನು ಕೂರಿಸಿ ಕಾಫಿ ತರಿಸಿ ಹೇಳುವ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀರಿನ ವರದಿ ಸುಳ್ಳಲ್ಲ. ಆದರೆ ನೀವು ಕೇಳಬೇಕಾದ ಪ್ರಶ್ನೆಯನ್ನು ನೀರಿಗೆ ಕೇಳಿದ್ದೀರಿ, ಕೆಸರಿಗೆ ಕೇಳಬೇಕಿತ್ತು.

ಮೊದಲು ‘ಬಿಡಿಎಲ್’ ಲೆಕ್ಕ ಮುಗಿಸೋಣ. ಅದರ ಅರ್ಥ ನಮ್ಮ ಯಂತ್ರಕ್ಕೆ ಕಾಣಿಸುವ ಮಟ್ಟಕ್ಕಿಂತ ಕಡಿಮೆ ಎಂದಷ್ಟೇ, ಸೊನ್ನೆ ಎಂದಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಸೀಸಕ್ಕೆ ಲೀಟರಿಗೆ 0.01 ಮಿಲಿಗ್ರಾಂ ಮಿತಿ ಇಟ್ಟಿದೆ. ಕ್ಯಾಡ್ಮಿಯಂಗೆ 0.003, ಪಾದರಸಕ್ಕೆ 0.001, ಒಟ್ಟು ಕ್ರೋಮಿಯಂಗೆ 0.05. ಸೀಸದ ಮಿತಿಯನ್ನೇ ತೆಗೆದುಕೊಂಡರೆ, ಮನೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ 10 ಮಿಲಿಗ್ರಾಂ ಆಯಿತು. ಒಂದು ಅಕ್ಕಿ ಕಾಳಿನ ಅರ್ಧ ತೂಕ. ಈಗ ಯಾವುದೋ ಲ್ಯಾಬಿನ ಹಳೆಯ ಯಂತ್ರಕ್ಕೆ 0.05ಕ್ಕಿಂತ ಕೆಳಗಿನ ಸೀಸ ಕಾಣಿಸುವುದೇ ಇಲ್ಲ ಅಂದುಕೊಳ್ಳಿ. ನೀರಿನಲ್ಲಿ ಮಿತಿಯ ನಾಲ್ಕು ಪಟ್ಟು ಸೀಸ ಇದ್ದರೂ ಅಲ್ಲಿನ ವರದಿ ‘ಬಿಡಿಎಲ್’ ಎಂದೇ ಬರುತ್ತದೆ, ಅದನ್ನು ಬರೆದವರು ನಿಯತ್ತಿನಿಂದಲೇ ಬರೆದಿರುತ್ತಾರೆ. ಆದ್ದರಿಂದ ವರದಿಯಲ್ಲಿ ಪ್ರತಿ ಲೋಹದ ಪಕ್ಕ ಪತ್ತೆಮಿತಿ ಎಷ್ಟು ಎಂದು ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಹಣ ಕೊಡುವ ಮುಂಚೆ ಕೇಳಿ.

ಯಂತ್ರ ಒಳ್ಳೆಯದೇ ಆಗಿದ್ದು, ಮಿತಿಗಿಂತ ಎಷ್ಟೋ ಕೆಳಗಿನದೂ ಕಾಣುವಂತಿದ್ದರೂ ನಗರದ ಕೆರೆಯ ನೀರು ಲೋಹಗಳ ವಿಷಯದಲ್ಲಿ ಪಾಸಾಗುವುದು ಅಪರೂಪವೇನಲ್ಲ. ನೊರೆ, ವಾಸನೆ, ಬಣ್ಣ ನೋಡಿ ಲೋಹ ಇದೆಯೆಂದು ಊಹಿಸುವುದರಲ್ಲೇ ಎಡವಟ್ಟಾಗುತ್ತದೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಿಂದ ಹೊಗೆ ಎದ್ದಾಗ, ವರ್ತೂರಿನ ಕೋಡಿಯಿಂದ ನೊರೆ ಹಾರಿ ರಸ್ತೆಗೆ ಬಂದಾಗ ಇಡೀ ದೇಶ ನೋಡಿತು. ಆ ನೊರೆಗೆ ಮುಖ್ಯ ಕಾರಣ ಶುದ್ಧೀಕರಿಸದ ಕೊಳಚೆಯಲ್ಲಿರುವ ಸೋಪು, ಡಿಟರ್ಜೆಂಟು. ವಾಸನೆಗೆ ಕಾರಣ ಆಮ್ಲಜನಕ ಇಲ್ಲದ ನೀರಿನಲ್ಲಿ ಕೊಳೆಯುವ ಹೊಲಸು. ಸೀಸಕ್ಕೆ, ಕ್ಯಾಡ್ಮಿಯಂಗೆ ಈ ಪ್ರಮಾಣದಲ್ಲಿ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಲಸನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ, ಗಾಳಿ ಸಿಕ್ಕರೆ ನೀರು ಚೇತರಿಸಿಕೊಳ್ಳುತ್ತದೆ. ಲೋಹವನ್ನು ತಿಂದು ಮುಗಿಸುವ ಜೀವಿ ಇಲ್ಲ. ಅದು ರೂಪ ಬದಲಿಸಬಹುದು, ಜಾಗ ಬದಲಿಸಬಹುದು, ಇಲ್ಲವಾಗುವುದಿಲ್ಲ.

ಜಾಗ ಬದಲಿಸುತ್ತದೆ ಎಂದೆನಲ್ಲ, ಹೋಗುವುದು ಕೆಳಕ್ಕೆ. ಜೇಡಿಮಣ್ಣಿನ ಕಣಗಳು, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡಿನ ತುಣುಕುಗಳು, ಕೊಳೆತ ಎಲೆ–ಕಾಂಡದ ಚೂರುಗಳು ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ರಾಜಕಾಲುವೆಯಲ್ಲಿ ರಭಸದಿಂದ ಬಂದ ನೀರು ಕೆರೆಯ ಅಂಗಳ ಸೇರಿ ನಿಂತ ಕೂಡಲೇ ಕಣಗಳು ಕೆಳಗಿಳಿಯುತ್ತವೆ, ಜತೆಗೆ ಲೋಹವೂ. ತಳದ ಒಂದು ಕಿಲೋ ಕೆಸರಿನಲ್ಲಿ ಇರುವ ಲೋಹ ಅದರ ಮೇಲಿನ ಒಂದು ಲೀಟರ್ ನೀರಿನಲ್ಲಿ ಇರುವುದರ ಸಾವಿರಾರು ಪಟ್ಟು ಇರುವುದು ನಮ್ಮ ಕೆಲಸದಲ್ಲಿ ಮಾಮೂಲು.

ಕಡಿಮೆ ಎಂಬುದು ಎಷ್ಟು ಮೋಸದ ಮಾತು ಎನ್ನುವುದಕ್ಕೆ ಒಂದು ಲೆಕ್ಕ ಮಾಡೋಣ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಏರಿಸುವ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಆ ನೀರಿನಲ್ಲಿ ಸೀಸ ಲೀಟರಿಗೆ 0.005 ಮಿಲಿಗ್ರಾಂ ಇದೆ ಅಂತ ಸುಮ್ಮನೆ ಇಟ್ಟುಕೊಳ್ಳಿ. ಇದು ಅಳೆದ ಸಂಖ್ಯೆಯಲ್ಲ, ಕುಡಿಯುವ ನೀರಿನ ಮಿತಿಯ ಅರ್ಧ ಎಂದು ನಾನೇ ಹಾಕಿಕೊಂಡದ್ದು. ಗುಣಿಸಿದರೆ ದಿನಕ್ಕೆ 2.2 ಕಿಲೋ, ವರ್ಷಕ್ಕೆ 800 ಕಿಲೋ ಸೀಸ. ನೀರು ಪ್ರತಿದಿನ ಪಾಸು, ವರದಿಯಲ್ಲಿ ಒಂದು ಕೆಂಪು ಗೆರೆಯೂ ಇಲ್ಲ, ತಳದಲ್ಲಿ ಮಾತ್ರ ವರ್ಷಕ್ಕೆ 800 ಕಿಲೋ. ಕೋಲಾರದ ಬತ್ತಿದ ಕೆರೆಗಳಲ್ಲಿ ನೀರು ನಿಂತದ್ದನ್ನು ಕಂಡು ಖುಷಿಪಟ್ಟವರಲ್ಲಿ ನಾನೂ ಒಬ್ಬಳು, ಯೋಜನೆಯೇ ಬೇಡವೆಂದು ವಾದಿಸುತ್ತಿಲ್ಲ. ನೀರನ್ನಷ್ಟೇ ಅಳೆಯುತ್ತ ಕೂತರೆ ಸಾಲದು, ಆ ಕೆರೆಗಳ ಕೆಸರನ್ನೂ ವರ್ಷಕ್ಕೊಮ್ಮೆ ಅಳೆದು ಒಂದೇ ಕಡೆ ಬರೆದಿಡಬೇಕು ಎನ್ನುತ್ತಿದ್ದೇನೆ.

ನನ್ನನ್ನು ಈ ಲೆಕ್ಕಕ್ಕೆ ಹಚ್ಚಿದ್ದು ನನ್ನ ಸೋದರಮಾವ. ಅವರ ಊರು ವರ್ತೂರಿನಿಂದ ಕೆಳಗೆ, ದಕ್ಷಿಣ ಪಿನಾಕಿನಿಯ ಬಯಲಿನಲ್ಲಿದೆ. ಊರಿನ ಹೆಸರು, ಅಲ್ಲಿ ಸಿಕ್ಕ ಅಂಕಿ ಎರಡನ್ನೂ ಇಲ್ಲಿ ಹಾಕುವುದಿಲ್ಲ. ಊರಿನವರು ಬದುಕುವುದು ಸೊಪ್ಪು ಮಾರಿ, ಮಂಡಿಯಲ್ಲಿ ಊರಿನ ಹೆಸರು ಕೆಟ್ಟರೆ ಅದನ್ನು ಸರಿಮಾಡುವ ಲ್ಯಾಬ್ ಯಾವುದೂ ಇಲ್ಲ. ಬೇಸಿಗೆಯಲ್ಲಿ ಊರ ಕೆರೆ ಅರ್ಧ ಬತ್ತಿ ಅಂಗಳ ಬಿರುಕು ಬಿಟ್ಟಾಗ ಟ್ರ್ಯಾಕ್ಟರಿನಲ್ಲಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಹೊಡೆಸುವುದು ತಾತನ ಕಾಲದ ರೂಢಿ. ಕೆರೆಗೋಡು ಬಿದ್ದ ಹೊಲಕ್ಕೆ ಮೂರು ವರ್ಷ ಗೊಬ್ಬರ ಬೇಡ ಎನ್ನುತ್ತಿದ್ದರು. ಮಾವ ಫೋನಿನಲ್ಲಿ ನೇರವಾಗಿ ಕೇಳಿದರು: “ನೋಡವ್ವ, ನೀನು ಓದಿದೋಳು. ಈ ಕೆರೆ ಗೋಡು ಹೊಡಿಸ್ಬೋದಾ, ಬೇಡ್ವಾ? ಅಷ್ಟು ಹೇಳು ಸಾಕು.”

ಅಷ್ಟು ಹೇಳುವುದಕ್ಕೆ ಎಷ್ಟು ಕೆಲಸ ಇದೆ ಎಂದು ಅವರಿಗೆ ಹೇಗೆ ಹೇಳಲಿ? ಹೇಳದೆ ಕೆರೆಗೇ ಹೋದೆ.

ಎಲ್ಲಿಂದ ತೆಗೆಯುವುದು ಎಂಬುದರಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗಿ ಹೋಗುತ್ತದೆ. ಕಾಲುವೆ ಕೆರೆಗೆ ಬೀಳುವ ಬಾಯಲ್ಲಿ ಮರಳು ಜಾಸ್ತಿ. ಮರಳಿನ ಕಣಕ್ಕೆ ಲೋಹ ಅಂಟುವುದು ಕಡಿಮೆ. ಏರಿಯ ಹತ್ತಿರ, ತೂಬಿನ ಸುತ್ತ, ನೀರು ನಿಧಾನವಾಗಿ ನಿಲ್ಲುವ ಕಡೆ ನುಣ್ಣನೆಯ ಮೆತ್ತು ಕೂರುತ್ತದೆ, ಲೋಹವೂ ಅಲ್ಲೇ ಕೂರುತ್ತದೆ. ಕೆರೆ ಚೆನ್ನಾಗಿದೆ ಎಂದು ತೋರಿಸಬೇಕಾದವರು ಕಾಲುವೆ ಬಾಯಿಯ ಮರಳು ತಂದರೆ ಸಾಕು, ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಹಾಗಾಗಿ ಕೆರೆಯನ್ನು ಚೌಕ ಚೌಕವಾಗಿ ನಕ್ಷೆಯಲ್ಲಿ ಗೆರೆ ಹಾಕಿಕೊಂಡು ಬಾಯಿ, ನಡು, ತೂಬು, ಕೋಡಿ ಎಲ್ಲ ಕಡೆಯಿಂದ ತೆಗೆಯುತ್ತೇವೆ. ನೀರು ಉಳಿದಿರುವ ಜಾಗಕ್ಕೆ ಮೀನು ಹಿಡಿಯುವ ಹುಡುಗರ ಥರ್ಮಾಕೋಲ್ ತೆಪ್ಪವೇ ಒಳ್ಳೆಯದು, ಬಣ್ಣ ಬಳಿದ ಕಬ್ಬಿಣದ ದೋಣಿಯಾದರೆ ಅದರದೇ ಚಕ್ಕೆ ಉದುರಬಹುದು. ತಳಕ್ಕೆ ಬಿಡುವ ಸಾಧನ ಎರಡು ದವಡೆಯ ಉಕ್ಕಿನ ಡಬ್ಬ, ಕೆಳಗೆ ಮುಟ್ಟಿದಾಗ ಕಚ್ಚಿಕೊಂಡು ಬರುತ್ತದೆ. ಡಬ್ಬದ ಗೋಡೆಗೆ ತಾಗಿದ ಕೆಸರನ್ನು ಬಿಟ್ಟು ನಡುವಿನದನ್ನು ಮಾತ್ರ ಪ್ಲಾಸ್ಟಿಕ್ ಚಮಚದಲ್ಲಿ ತೆಗೆಯುತ್ತೇನೆ. ಬಳೆ, ಉಂಗುರ ಮನೆಯಲ್ಲೇ ಬಿಟ್ಟಿರುತ್ತೇನೆ. ಪುಡಿ ಹಾಕಿದ ಕೈಗವಸು ತೊಡುವ ಹಾಗಿಲ್ಲ, ಅದರಿಂದ ಸತು ಸೇರಿಕೊಳ್ಳುತ್ತದೆ. ಏರಿಯ ಮೇಲೆ ಕೂತು ಬೀಡಿ ಹಚ್ಚಿದ ಮಾವನನ್ನೂ ಎಬ್ಬಿಸಿ ದೂರ ಕಳಿಸಿದೆ. ತಂಬಾಕಿನಲ್ಲಿ ಕ್ಯಾಡ್ಮಿಯಂ ಇರುತ್ತದೆ ಎಂದರೆ ಅವರು ನಂಬಲಿಲ್ಲ. “ಕೆರೆಗೆ ಬರೋ ವಿಷ ಬಿಟ್ಟು ನನ್ನ ಬೀಡಿ ಹಿಡ್ಕೊಂಡಳಲ್ಲ ಇವಳು” ಎಂದು ಗೊಣಗುತ್ತ ಹೋದರು.

ನೀರನ್ನೂ ತೆಗೆದೆ, ಬಿಡಲಾಗದು. ಎರಡನ್ನೂ ಒಂದೇ ದಿನ ಒಂದೇ ಜಾಗದಿಂದ ತೆಗೆದರಷ್ಟೇ ಲೋಹ ನೀರಿಗೂ ಕೆಸರಿಗೂ ಹೇಗೆ ಹಂಚಿಕೊಂಡಿದೆ ಎಂದು ತಿಳಿಯುವುದು. ಬಾಟಲಿಗಳನ್ನು ಮೊದಲೇ ತೆಳು ನೈಟ್ರಿಕ್ ಆಮ್ಲದಲ್ಲಿ ನೆನೆಹಾಕಿ ತೊಳೆದಿರಬೇಕು. ನೀರನ್ನು 0.45 ಮೈಕ್ರಾನ್ ರಂಧ್ರದ ಜಾಲರಿಯಲ್ಲಿ ದಡದಲ್ಲೇ ಸೋಸಿ, ಆಮೇಲೆ ಆಮ್ಲದ ಹನಿ ಹಾಕಬೇಕು. ಆಮ್ಲ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ಲ್ಯಾಬು ತಲುಪುವಷ್ಟರಲ್ಲಿ ನೀರು ‘ಶುದ್ಧ’ವಾಗಿಬಿಡುತ್ತದೆ. ಸೋಸುವ ಮೊದಲೇ ಆಮ್ಲ ಹಾಕಿದರೆ ತೇಲುವ ಮಣ್ಣಿನ ಲೋಹವೆಲ್ಲ ಕರಗಿ ನೀರಿನ ಲೆಕ್ಕಕ್ಕೆ ಬೀಳುತ್ತದೆ. ಲೇಬಲ್ ಕಿತ್ತ ಬಾಟಲಿಯಲ್ಲಿ ಬಂದ ನೀರಿನ ಬಗ್ಗೆ ನಾನು ಗಟ್ಟಿಯಾಗಿ ಏನನ್ನೂ ಹೇಳದಿರುವುದಕ್ಕೆ ಇದೇ ಕಾರಣ. ಜತೆಗೊಂದು ಬಾಟಲಿ ಶುದ್ಧ ನೀರನ್ನೂ ಕೆರೆಗೆ ಒಯ್ದು, ಮುಚ್ಚಳ ತೆರೆದು, ಮುಚ್ಚಿ ವಾಪಸು ತರುತ್ತೇವೆ. ಅದರಲ್ಲೂ ಲೋಹ ಕಂಡರೆ ತಪ್ಪು ಕೆರೆಯದಲ್ಲ, ನಮ್ಮ ಕೈಯದು.

ನೀರಿನ ಇನ್ನೊಂದು ತೊಂದರೆ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ತೆಗೆದ ನೀರು ಬೆಳಿಗ್ಗೆ ಹನ್ನೊಂದರ ಕಥೆಯನ್ನಷ್ಟೇ ಹೇಳುತ್ತದೆ. ಪ್ಲೇಟಿಂಗ್ ಶೆಡ್ಡಿನವರು ತೊಟ್ಟಿ ಖಾಲಿ ಮಾಡುವುದು ರಾತ್ರಿ ಎರಡಕ್ಕಾದರೆ, ನಾನು ಕಾಫಿ ಕುಡಿದು ಹೊರಡುವ ಹೊತ್ತಿಗೆ ಅದು ಕೋಡಿ ದಾಟಿರುತ್ತದೆ. ಮೊದಲ ಮುಂಗಾರು ಮಳೆಗೆ ರಸ್ತೆಯ ಮೇಲಿನ ಟೈರಿನ ಧೂಳು, ಬ್ರೇಕಿನ ಪುಡಿ, ಗುಜರಿ ಅಂಗಡಿಯ ತುಕ್ಕು ಎಲ್ಲ ತೊಳೆದುಕೊಂಡು ಒಂದೇ ಸಲ ಬರುತ್ತದೆ. ಟೈರಿನಲ್ಲಿ ಸತು, ಬ್ರೇಕಿನಲ್ಲಿ ತಾಮ್ರ. ಚೌತಿಯಾದ ಮೇಲೆ ಮೂರ್ತಿಗಳ ಬಣ್ಣದ ಸೀಸ, ಕ್ರೋಮಿಯಂ ಕೂಡ ಹಾಗೆಯೇ, ಒಂದು ವಾರದ ಸುಗ್ಗಿ. ರಾತ್ರಿ ಬಂದದ್ದೂ ಹಬ್ಬಕ್ಕೆ ಬಂದದ್ದೂ ಕೆಸರಿಗೆ ಒಂದೇ, ಅದು ಬಂದದ್ದನ್ನೆಲ್ಲ ಇಟ್ಟುಕೊಂಡಿರುತ್ತದೆ.

ಇಟ್ಟುಕೊಳ್ಳುವುದೂ ಪದರ ಪದರವಾಗಿ. ಹೊರದೇಶದ ಆಳದ ಸರೋವರಗಳಲ್ಲಿ ಕೊಳವೆ ಇಳಿಸಿ ಕೆಸರಿನ ಉದ್ದನೆಯ ಕೋಲು ತೆಗೆದು, ಅದರಲ್ಲಿನ ಸೀಸ-210, ಸೀಸಿಯಂ-137 ಎಂಬ ವಿಕಿರಣಶೀಲ ರೂಪಗಳನ್ನು ಅಳೆದು ಯಾವ ಪದರ ಯಾವ ವರ್ಷದ್ದು ಎಂದು ಹೇಳುತ್ತಾರೆ. ಅಣುಬಾಂಬ್ ಪರೀಕ್ಷೆಗಳ ಧೂಳು ಅತಿ ಹೆಚ್ಚು ಬಿದ್ದ 1963ರ ಸುಮಾರಿನ ಪದರ ಅವರಿಗೆ ಮೈಲಿಗಲ್ಲು. ನಮ್ಮಲ್ಲೂ 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು, ಅದರ ಗುರುತು ಕೆಸರಿನಲ್ಲಿ ಸಿಗಬೇಕು. ನನಗೆ ಬಲು ಆಸೆ, ಆದರೆ ನಮ್ಮ ಕೆರೆಗಳು ಅದಕ್ಕೆ ಒಗ್ಗುವುದು ಕಷ್ಟ. ಬೇಸಿಗೆಗೆ ಬತ್ತುತ್ತವೆ, ದನ ತುಳಿಯುತ್ತವೆ, ಜೆಸಿಬಿ ಇಳಿಯುತ್ತದೆ, ಹೂಳೆತ್ತುವ ಕಂತ್ರಾಟು ಐದು ವರ್ಷಕ್ಕೊಮ್ಮೆ. ಕೆಳಗಿನದು ಮೇಲೆ, ಮೇಲಿನದು ಕೆಳಗೆ.

ಕೆರೆಯ ಕೆಸರು ತಂದ ಮೇಲೆ ಇನ್ನೊಂದು ಮಣ್ಣು ಬೇಕಿತ್ತು. ಊರಾಚೆ ಇಟ್ಟಿಗೆ ಗೂಡಿನವರು ತೋಡಿದ ಹಳೆಯ ಗುಂಡಿ ಇದೆ. ಅದರ ಗೋಡೆಯಲ್ಲಿ ಎರಡಾಳು ಆಳದ ಮಣ್ಣನ್ನು ಕೆರೆದು ತಂದೆ. ಮಾವನಿಗೆ ಇದು ಅರ್ಥವಾಗಲಿಲ್ಲ, ಆದರೆ ಇಡೀ ಪರೀಕ್ಷೆಯ ಗುಟ್ಟು ಆ ಗುಂಡಿಯಲ್ಲೇ ಇದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಲ್ಯಾಬಿನಲ್ಲಿ ಕೆಸರನ್ನು ನೆರಳಲ್ಲಿ ಒಣಗಿಸಬೇಕು. ಅವಸರಕ್ಕೆ ಓವನ್ ಕಾವು ಏರಿಸಿದರೆ ಪಾದರಸ ಆವಿಯಾಗಿ ಹೋಗುತ್ತದೆ. ಒಣಗಿದ್ದನ್ನು ಜರಡಿ ಹಿಡಿಯುವಾಗ ಹಿತ್ತಾಳೆ ಜರಡಿ ಕೂಡದು, ಹಿತ್ತಾಳೆ ಎಂದರೇ ತಾಮ್ರ ಮತ್ತು ಸತು. ನೈಲಾನ್ ಜರಡಿಯಲ್ಲಿ 63 ಮೈಕ್ರಾನಿಗಿಂತ ನುಣುಪಾದ ಭಾಗವನ್ನು ಬೇರೆ ಮಾಡಿದರೆ ಮರಳಿನ ಮೋಸ ತಪ್ಪುತ್ತದೆ, ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಬಹುದು. ಆಮೇಲೆ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ. ಅಕ್ಕಸಾಲಿಗರು ಚಿನ್ನ ಕರಗಿಸಲು ಬಳಸುವ ದ್ರಾವಕವೇ ಇದು. ಮುಚ್ಚಿದ ಟೆಫ್ಲಾನ್ ಪಾತ್ರೆಯಲ್ಲಿ ಮೈಕ್ರೋವೇವ್ ಕಾವಿಗೆ ಮಣ್ಣಿನ ಲೋಹ ಬಹುಪಾಲು ದ್ರವಕ್ಕಿಳಿಯುತ್ತದೆ. ಆ ದ್ರವ ಐಸಿಪಿ–ಎಂಎಸ್ ಯಂತ್ರದೊಳಗೆ ಆರ್ಗಾನ್ ಅನಿಲದ ಜ್ವಾಲೆಗೆ ಹೋಗುತ್ತದೆ. ಅಲ್ಲಿನ ಕಾವು ಆರು ಸಾವಿರ ಡಿಗ್ರಿ ದಾಟುತ್ತದೆ, ಎಲ್ಲವೂ ಒಡೆದು ಅಯಾನುಗಳಾಗಿ ತೂಕದ ಪ್ರಕಾರ ಬೇರೆಯಾಗುತ್ತವೆ. ಈ ಯಂತ್ರವೂ ಮೋಸ ಹೋಗುತ್ತದೆ. ಆರ್ಗಾನ್‌ನ ತೂಕ 40, ನಾವು ಹಾಕಿದ ಆಮ್ಲದ ಕ್ಲೋರಿನ್‌ನದು 35, ಎರಡೂ ಅಂಟಿಕೊಂಡರೆ 75. ಆರ್ಸೆನಿಕ್‌ನ ತೂಕವೂ 75! ಇದನ್ನು ತಡೆಯುವ ಏರ್ಪಾಡು ಯಂತ್ರದಲ್ಲೇ ಇದೆ, ಆದರೆ ಅದನ್ನು ಚಾಲೂ ಮಾಡಬೇಕಾದವಳು ನಾನು. ಪ್ರತಿ ಸರಣಿಯಲ್ಲೂ ಲೋಹದ ಪ್ರಮಾಣ ಮೊದಲೇ ಪ್ರಮಾಣೀಕರಿಸಿರುವ ಕೆಸರಿನ ಪುಡಿಯೊಂದನ್ನು ಸೇರಿಸುತ್ತೇವೆ. ಅದಕ್ಕೆ ಸರಿಯುತ್ತರ ಬಂದರೆ ಮಾತ್ರ ಉಳಿದದ್ದಕ್ಕೆ ಬೆಲೆ.

ಇಷ್ಟಾದ ಮೇಲೆ ಸಿಗುವುದು ಒಂದು ಸಂಖ್ಯೆ. ಕಿಲೋ ಕೆಸರಿಗೆ ಇಷ್ಟು ಮಿಲಿಗ್ರಾಂ. ಅದು ಹೆಚ್ಚೋ ಕಡಿಮೆಯೋ? ಕುಡಿಯುವ ನೀರಿಗೆ ಇರುವ ಹಾಗೆ ಕೆರೆಯ ಕೆಸರಿಗೆಂದೇ ಮಾಡಿದ ಮಾನಕ ನಮ್ಮ ಕೈಯಲ್ಲಿಲ್ಲ. ಕೆಲವರು ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರದ ಕಾಂಪೋಸ್ಟಿಗೆ ಹಾಕಿರುವ ಮಿತಿ ತೋರಿಸುತ್ತಾರೆ: ಕಿಲೋಗೆ ಸೀಸ 100, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕಲ್ 50 ಮಿಲಿಗ್ರಾಂ. ಕ್ರೋಮಿಯಂ ನೋಡಿ. ಟುರೆಕಿಯನ್ ಮತ್ತು ವೆಡೆಪೋಲ್ ಎಂಬಿಬ್ಬರು 1961ರಲ್ಲಿ ಕೊಟ್ಟ, ಇವತ್ತಿಗೂ ಜಗತ್ತೆಲ್ಲ ಬಳಸುವ ‘ಸರಾಸರಿ ಜೇಡಿಕಲ್ಲಿ’ನ ಪಟ್ಟಿಯಲ್ಲಿ ಕ್ರೋಮಿಯಂ 90, ನಿಕ್ಕಲ್ 68. ಯಾವ ಕಾರ್ಖಾನೆಯೂ ಮುಟ್ಟದ ಕಲ್ಲು ಕಾಂಪೋಸ್ಟಿನ ಪರೀಕ್ಷೆಯಲ್ಲಿ ಫೇಲು! ಮಿತಿ ತಪ್ಪೆಂದಲ್ಲ, ಗೊಬ್ಬರಕ್ಕೆ ಮಾಡಿದ್ದನ್ನು ಮಣ್ಣಿಗೆ ಹಚ್ಚಿದ್ದು ತಪ್ಪು. 2000ದಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಕೆಸರಲ್ಲೇ ಬದುಕುವ ಹುಳುಹುಪ್ಪಟೆಗಳನ್ನು ಗಮನದಲ್ಲಿಟ್ಟು ಎರಡೆರಡು ಗೆರೆ ಹಾಕಿದರು. ಸೀಸಕ್ಕೆ ಕೆಳಗಿನ ಗೆರೆ 35.8, ಮೇಲಿನದು 128. ಕೆಳಗಿನದಕ್ಕಿಂತ ಕಡಿಮೆಯಿದ್ದರೆ ಹಾನಿ ಅಪರೂಪ, ಮೇಲಿನದನ್ನು ದಾಟಿದರೆ ಹಾನಿ ಆಗಿಯೇ ಇರುವ ಸಂಭವ ಹೆಚ್ಚು. ನಾನು ಇದನ್ನು ಬಳಸುತ್ತೇನೆ, ಆದರೆ ಅದು ಹುಳುವಿನ ಲೆಕ್ಕ, ಪಾಲಕ್ ಸೊಪ್ಪಿನದ್ದಲ್ಲ.

ಈಗ ಇಟ್ಟಿಗೆ ಗುಂಡಿಯ ಮಣ್ಣಿಗೆ ಬರೋಣ. ಜರ್ಮನಿಯ ಮುಲ್ಲರ್ 1969ರಲ್ಲಿ ಒಂದು ಸುಲಭದ ಸೂತ್ರ ಕೊಟ್ಟರು. ಕೆಸರಿನಲ್ಲಿ ಸಿಕ್ಕ ಲೋಹವನ್ನು ಆ ನೆಲದ ಸಹಜ ಪ್ರಮಾಣದ ಒಂದೂವರೆ ಪಟ್ಟಿನಿಂದ ಭಾಗಿಸಬೇಕು, ಬಂದದ್ದಕ್ಕೆ ಎರಡನ್ನು ಆಧಾರವಾಗಿಟ್ಟು ಲಾಗರಿದಮ್ ತೆಗೆಯಬೇಕು. ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಲಿನವಲ್ಲ, ಐದು ದಾಟಿದರೆ ವಿಪರೀತ ಮಲಿನ. ಎಲ್ಲ ನಿಂತಿರುವುದು ‘ಸಹಜ’ ಎಂಬುದರ ಮೇಲೆ, ಅದನ್ನು ಹೇಳುವುದು ಗುಂಡಿಯ ಆ ಆಳದ ಮಣ್ಣು. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಕಡೆ ನೆಲದಲ್ಲೇ ಕ್ರೋಮೈಟ್ ಅದಿರು ಇದೆ, ಬೈರಾಪುರದಲ್ಲಿ ಅದಕ್ಕೇ ಗಣಿ. ಅಂಥ ನೆಲದ ಒಂದು ಕೆರೆಯಲ್ಲಿ ಕ್ರೋಮಿಯಂ 270 ಸಿಕ್ಕಿತು ಎಂದು ಕಲ್ಪಿಸಿಕೊಳ್ಳಿ. ಜಗತ್ತಿನ ಸರಾಸರಿ 90 ಇಟ್ಟು ಲೆಕ್ಕ ಹಾಕಿದರೆ ಉತ್ತರ 1, ಮಾಲಿನ್ಯ ಇದೆ ಎಂದಾಯಿತು. ಆ ಊರಿನ ಮಣ್ಣಿನ ಸಹಜ ಪ್ರಮಾಣವೇ 180 ಎಂದು ಗೊತ್ತಿದ್ದು ಅದನ್ನಿಟ್ಟರೆ ಉತ್ತರ ಸೊನ್ನೆ. ಕೆಸರು ಅದೇ, ಸಂಖ್ಯೆ ಅದೇ. ಒಂದರಲ್ಲಿ ಕಾರ್ಖಾನೆ ಕಟಕಟೆ ಹತ್ತುತ್ತದೆ, ಇನ್ನೊಂದರಲ್ಲಿ ಕಲ್ಲು. ಊರಿನ ಗುಂಡಿಯ ಮಣ್ಣು ತರದೆ, ಪುಸ್ತಕದ ಸರಾಸರಿ ಇಟ್ಟು ಬರೆದ ಪ್ರಬಂಧಗಳನ್ನು ನಾನು ಎಚ್ಚರದಿಂದ ಓದುತ್ತೇನೆ.

ಮುಲ್ಲರ್ ಸೂತ್ರದಂಥ ಸೂಚ್ಯಂಕಗಳ ಚಟ ಈಚೆಗೆ ವಿಪರೀತ. ಹತ್ತು ಸ್ಯಾಂಪಲ್ಲಿಗೆ ಏಳು ಸೂಚ್ಯಂಕ ಹಾಕಿ, ಏಳು ಬಣ್ಣದ ನಕ್ಷೆ ಮಾಡಿದರೆ ಮಾಹಿತಿ ಏಳು ಪಟ್ಟಾಗುವುದಿಲ್ಲ. ಇರುವ ಲೋಹಗಳ ಪಟ್ಟುಗಳನ್ನೆಲ್ಲ ಗುಣಿಸಿ ಮೂಲ ತೆಗೆಯುವ ಒಂದು ಸೂಚ್ಯಂಕವಿದೆ. ನಾಲ್ಕು ಲೋಹಗಳಲ್ಲಿ ಮೂರು ಸಹಜದಷ್ಟೇ ಇದ್ದು ಕ್ಯಾಡ್ಮಿಯಂ ಒಂದೇ 16 ಪಟ್ಟು ಇದ್ದರೂ ಅದರ ಉತ್ತರ 2 ಎಂದು ಬರುತ್ತದೆ. ಹದಿನಾರು ಪಟ್ಟು ಕ್ಯಾಡ್ಮಿಯಂ ಇರುವ ಕೆಸರಿಗೆ ‘ಎರಡು’! ಅದಕ್ಕಿಂತ ಸ್ವೀಡನ್ನಿನ ಹಾಕಾನ್ಸನ್ 1980ರಲ್ಲಿ ಕೊಟ್ಟ ಲೆಕ್ಕ ನನಗೆ ಹಿಡಿಸುತ್ತದೆ. ಪ್ರತಿ ಲೋಹಕ್ಕೂ ಅದರ ವಿಷದ ಗುಣಕ ಬೇರೆ: ಸತುವಿಗೆ 1, ಕ್ರೋಮಿಯಂಗೆ 2, ಸೀಸ–ತಾಮ್ರಕ್ಕೆ 5, ಆರ್ಸೆನಿಕ್‌ಗೆ 10, ಕ್ಯಾಡ್ಮಿಯಂಗೆ 30, ಪಾದರಸಕ್ಕೆ 40. ಸತು ಸಹಜದ ಹತ್ತು ಪಟ್ಟಿದ್ದರೂ 10 ಅಂಕ, ಅಪಾಯ ಕಡಿಮೆ ಎಂಬ ಗುಂಪು. ಕ್ಯಾಡ್ಮಿಯಂ ಬರೀ ಮೂರು ಪಟ್ಟಿದ್ದರೆ 90 ಅಂಕ, ಗಣನೀಯ ಅಪಾಯದ ಗುಂಪು. ಸಂಖ್ಯೆಯ ಉದ್ದ ನೋಡಿ ಹೆದರುವವರು ಈ ಒಂದನ್ನು ತಿಳಿದಿರಬೇಕು.

ಒಟ್ಟು ಎಷ್ಟಿದೆ ಎಂದು ಗೊತ್ತಾದರೂ ಮಾವನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಇದೇ ಈ ವಿಷಯದ ಕಗ್ಗಂಟು. ಲೋಹ ಕಲ್ಲಿನ ಹರಳಿನೊಳಗೆ ಸಿಕ್ಕಿಕೊಂಡಿದ್ದರೆ ಗಿಡಕ್ಕೆ ಸಿಗುವುದಿಲ್ಲ. ಕಣದ ಮೇಲೆ ಸುಮ್ಮನೆ ಅಂಟಿಕೊಂಡಿದ್ದರೆ ನಾಳೆಯೇ ಬಿಟ್ಟುಕೊಳ್ಳುತ್ತದೆ. 1979ರಲ್ಲಿ ಟೆಸ್ಸಿಯರ್ ಎಂಬವರ ತಂಡ ಒಂದೇ ಕೆಸರಿನ ಮೇಲೆ ಒಂದಾದ ಮೇಲೊಂದು, ಪ್ರತಿ ಸಲವೂ ಹೆಚ್ಚು ಬಲದ ದ್ರಾವಕ ಬಿಟ್ಟು ಐದು ಭಾಗ ಮಾಡುವ ಕ್ರಮ ತೋರಿಸಿತು. ಮೊದಲು ಮೇಲೆ ಅಂಟಿದ್ದು, ಆಮೇಲೆ ಕಾರ್ಬೊನೇಟಿಗೆ ಕಟ್ಟಿಕೊಂಡದ್ದು, ಕಬ್ಬಿಣ–ಮ್ಯಾಂಗನೀಸ್ ಆಕ್ಸೈಡಿನದು, ಕೊಳೆತ ಹೊಲಸಿಗೂ ಗಂಧಕಕ್ಕೂ ಸೇರಿದ್ದು, ಕೊನೆಗೆ ಹರಳಿನೊಳಗಿನದು. ದಿನಗಟ್ಟಲೆ ಹಿಡಿಯುವ ಕೆಲಸ. ದುಬಾರಿಯೆಂದು ಬಹಳ ಕಡೆ ಬಿಟ್ಟುಬಿಡುತ್ತಾರೆ, ನನಗೆ ಅದು ಹೊಟ್ಟೆ ಉರಿಸುವ ಸಂಗತಿ. ಇದೊಂದು ಇಲ್ಲದಿದ್ದರೆ ರೈತನಿಗೆ ಹೇಳಲು ನಮ್ಮ ಬಳಿ ಏನೂ ಇರುವುದಿಲ್ಲ.

ಈ ಭಾಗಗಳು ಇದ್ದ ಹಾಗೇ ಇರುವುದೂ ಇಲ್ಲ. ನೀರಿನಡಿಯ ಕೆಸರು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ ಇರುವುದು ಅಲ್ಲಿ ಆಮ್ಲಜನಕ ಇಲ್ಲದೆ ಗಂಧಕ ಸಲ್ಫೈಡಾಗಿ ಕೂತಿರುವುದರಿಂದ. ಸತು, ಸೀಸ, ಕ್ಯಾಡ್ಮಿಯಂ, ತಾಮ್ರಗಳನ್ನು ಸಲ್ಫೈಡು ಬಿಗಿಯಾಗಿ ಕಟ್ಟಿಹಾಕುತ್ತದೆ. ಹೇಸಿಗೆ ಹುಟ್ಟಿಸುವ ಆ ಕಪ್ಪು ಕೆಸರು ಲೋಹಕ್ಕೆ ಜೈಲು. ಕೆರೆ ಬತ್ತಿ ಗಾಳಿ ಬಿಸಿಲು ತಾಗಿದಾಗ ಸಲ್ಫೈಡು ಆಮ್ಲಜನಕದೊಂದಿಗೆ ಸೇರಿ ಸಲ್ಫೇಟಾಗುತ್ತದೆ, ಹುಳಿ ಏರುತ್ತದೆ, ಕಟ್ಟು ಸಡಿಲವಾಗುತ್ತದೆ. ಕೆಸರು ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿ, ವಾಸನೆ ಹೋಗಿ, ಪುಡಿಪುಡಿಯಾಗಿ ‘ಒಳ್ಳೆ ಗೋಡು’ ಎನಿಸುವ ಹೊತ್ತಿಗೆ ಅದರಲ್ಲಿನ ಕ್ಯಾಡ್ಮಿಯಂ ಗಿಡದ ಬೇರಿಗೆ ಸಿಗುವಂತಾಗಿರುತ್ತದೆ. ಹೂಳೆತ್ತುವ ಮೊದಲೊಮ್ಮೆ, ಒಣಗಿಸಿದ ಮೇಲೊಮ್ಮೆ ಪರೀಕ್ಷೆ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಕಿಲೋಗೆ 25 ಮಿಲಿಗ್ರಾಂಗಿಂತ ಹೆಚ್ಚು ಪಾದರಸವಿದ್ದ ಕೆಸರನ್ನು 1977ರಿಂದ 1990ರವರೆಗೆ ಎತ್ತಿ, ಗೋಡೆ ಕಟ್ಟಿದ ಜಾಗದಲ್ಲಿ ಹೂತು, ಮೇಲೆ ಮಣ್ಣು ಮುಚ್ಚಿದರು. ಹದಿಮೂರು ವರ್ಷ ಹಿಡಿದ ಕೆಲಸ ಅದು. ನಮ್ಮಲ್ಲಿ ಹೂಳು ಲಾರಿ ಹತ್ತಿ ಹೋಗುತ್ತದೆ, ಹೋದ ಜಾಗದ ಲೆಕ್ಕ ಕೇಳುವವರಿಲ್ಲ.

ಕೆರೆ ತುಂಬ ಹಬ್ಬಿದ ಜಲಕಳೆಯ ಬಗ್ಗೆಯೂ ಒಂದು ಮಾತು. ಅದು ಲೋಹ ಹೀರುತ್ತದೆ, ನಿಜ. ಕಿತ್ತು ಸಾಗಿಸಿದರೆ ಉಪಕಾರ. ಏರಿಯ ಪಕ್ಕ ರಾಶಿ ಹಾಕಿ ಕೊಳೆಸಿದರೆ ಹೀರಿದ್ದೆಲ್ಲ ಮಳೆಗೆ ವಾಪಸು ಕೆರೆಗೆ. ಅದನ್ನು ದನಕ್ಕೆ ಹಾಕುವುದನ್ನೂ ನೋಡಿದ್ದೇನೆ.

ಮಾವನ ಕೆರೆಯಲ್ಲಿ ಸೀಸ, ಸತು ಏರಿದ್ದವು, ಆದರೆ ಬಹುಪಾಲು ಗಟ್ಟಿಯಾಗಿ ಕೂತಿದ್ದವು. ಕ್ಯಾಡ್ಮಿಯಂ ಒಟ್ಟು ಹೆಚ್ಚೇನಿರಲಿಲ್ಲ. ಇದ್ದದ್ದರಲ್ಲಿ ದೊಡ್ಡ ಪಾಲು ಮಾತ್ರ ಸಡಿಲ ಭಾಗಗಳಲ್ಲಿ, ಅದೂ ತೂಬಿನ ಕಡೆಯ ಮೆತ್ತಿನಲ್ಲಿ. ಸೀಸ ಬೇರಿನಾಚೆಗೆ ಸುಲಭವಾಗಿ ಏರುವುದಿಲ್ಲ, ಸೊಪ್ಪಿಗೆ ಅದು ತಾಗುವುದು ಹೆಚ್ಚಾಗಿ ಧೂಳಿನಿಂದ. ಕ್ಯಾಡ್ಮಿಯಂ ಹಾಗಲ್ಲ, ಪಾಲಕ್‌ನಂಥ ಎಲೆಗೆ ಸಲೀಸಾಗಿ ಏರುತ್ತದೆ, ಮನುಷ್ಯನ ಮೂತ್ರಪಿಂಡ ಸೇರಿದರೆ ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ಹಾಗಾಗಿ ನನ್ನ ಉತ್ತರ ‘ಹೊಡಿಸ್ಬೋದು’ ಎಂದೂ ಆಗಲಿಲ್ಲ, ‘ಬೇಡ’ ಎಂದೂ ಆಗಲಿಲ್ಲ. ತೂಬಿನ ಕಡೆಯ ಗೋಡು ಮುಟ್ಟಲೇಬೇಡಿ. ಕಾಲುವೆ ಬಾಯಿಯ ಕಡೆಯದನ್ನು ತೆಂಗಿಗೆ, ಕನಕಾಂಬರಕ್ಕೆ, ಬದುವಿನ ಸಿಲ್ವರ್ ಮರಕ್ಕೆ ಹಾಕಿ. ಸೊಪ್ಪಿನ ಮಡಿಗೆ ಯಾವುದೂ ಬೇಡ. ಮಣ್ಣು ಹುಳಿಯಿದ್ದರೆ ಸುಣ್ಣ ಹಾಕಿ, ಹುಳಿ ಇಳಿದರೆ ಕ್ಯಾಡ್ಮಿಯಂ ಏರುವುದು ತಗ್ಗುತ್ತದೆ.

“ಇಷ್ಟಕ್ಕೆ ಮೂರು ತಿಂಗಳು ಬೇಕಾಯ್ತೇನವ್ವ?” ಎಂದರು ಮಾವ. ಅಷ್ಟರಲ್ಲಿ ಪಕ್ಕದ ಹೊಲದವರು ತೂಬಿನ ಕಡೆಯಿಂದಲೇ ಆರು ಟ್ರ್ಯಾಕ್ಟರ್ ಹೊಡೆಸಿ ದಂಟಿನ ಸೊಪ್ಪು ಹಾಕಿಯಾಗಿತ್ತು. ಅವರ ಒಪ್ಪಿಗೆ ಪಡೆದು ಎರಡು ಕಟ್ಟು ದಂಟನ್ನು ಬೇರು ಸಮೇತ ಕಿತ್ತು, ಮಾವನ ಮಡಿಯಿಂದ ಎರಡು ಕಟ್ಟು ಸೇರಿಸಿ ತಂದಿದ್ದೇನೆ. ಒಂದೊಂದು ಕಟ್ಟನ್ನು ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು, ಒಂದೊಂದನ್ನು ತೊಳೆಯದೆ, ಬೇರು–ದಂಟು–ಎಲೆ ಬೇರೆ ಬೇರೆ ಮಾಡಿ ಒಣಗಲು ಇಟ್ಟಾಗಿದೆ. ತೊಳೆದದ್ದಕ್ಕೂ ತೊಳೆಯದ್ದಕ್ಕೂ ಇರುವ ವ್ಯತ್ಯಾಸ ಧೂಳಿನ ಪಾಲು, ತೊಳೆದ ಮೇಲೂ ಎಲೆಯಲ್ಲಿ ಉಳಿದದ್ದು ಬಹುಮಟ್ಟಿಗೆ ಬೇರಿನಿಂದ ಏರಿದ್ದು. ಯಂತ್ರದ ಸರದಿ ಮುಂದಿನ ಸೋಮವಾರ.